ನೆಲಮಹಡಿಯಲ್ಲಿ ಲ್ಯಾಮಿನೇಟ್: ಹಲಗೆಯ ಕೆಳಗೆ ಯಾವ ಫೋಮ್?

ಕಾಜುಬಾಗ ನಿವಾಸಿ:
ಕಾರವಾರದಲ್ಲಿ ನೆಲಮಹಡಿ ಮನೆ. 12×14 ಅಡಿಯ ಮಲಗುವ ಕೋಣೆ, ಹಳೇ ಮೊಸಾಯಿಕ್ ನೆಲ. ಅದನ್ನು ಒಡೆಯದೆ ಮೇಲೆಯೇ 8 ಮಿ.ಮೀ. ಲ್ಯಾಮಿನೇಟ್ (ಒತ್ತಿದ ಮರದ ನಾರಿನ ಹಲಗೆ) ಕೂರಿಸಬೇಕೆಂದಿದೆ. ಅಂಗಡಿಯವರು 2 ಮಿ.ಮೀ. ಬಿಳಿ ಫೋಮ್ ಪುಕ್ಕಟೆ ಕೊಡ್ತಾರಂತೆ. ಕೆಲಸದವರು 5 ಮಿ.ಮೀ. ಹಾಕಿಸಿ, ಕಾಲಿಗೆ ಮೆತ್ತಗಿರ್ತದೆ ಅಂತಾರೆ. ಮಳೆಗಾಲದಲ್ಲಿ ನೆಲ ಒದ್ದೆಯಾಗ್ತದೆ. ಯಾವುದು ಸರಿ?

ಮಟ್ಟಗೋಲು:
ದಪ್ಪದ ಮಾತು ಆಮೇಲೆ. ಆ ಒದ್ದೆ ಎಲ್ಲಿಂದ ಬರ್ತದೆ ಅನ್ನೋದು ಮೊದಲು ಗೊತ್ತಾಗಬೇಕು. 2 ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ಎರಡು ತಗೊಳ್ಳಿ. ಒಂದನ್ನು ಹೊರಗೋಡೆಯ ಬುಡದಲ್ಲಿ, ಇನ್ನೊಂದನ್ನು ಕೋಣೆಯ ನಡುವೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಒತ್ತಿ ಮೂರು ದಿನ ಬಿಡಿ. ಹಾಳೆಯ ಮೇಲೆ ಹನಿ ಕೂತಿದ್ದರೆ ಅದು ಗಾಳಿಯ ತೇವ, ತಣ್ಣಗಿನ ನೆಲಕ್ಕೆ ತಾಗಿ ನೀರಾಗಿದೆ. ಹಾಳೆಯ ಅಡಿಯಲ್ಲಿ ಹನಿ ಇದ್ದರೆ, ಅಥವಾ ಅಷ್ಟು ಜಾಗದ ಮೊಸಾಯಿಕ್ ಕಪ್ಪಿಟ್ಟಿದ್ದರೆ, ಮಣ್ಣಿನ ತೇವ ಮೇಲೇರುತ್ತಿದೆ. ಈ ಪರೀಕ್ಷೆ ಜುಲೈನಲ್ಲೇ ಆಗಬೇಕು. ಮಾರ್ಚ್‌ನಲ್ಲಿ ಮಾಡಿದರೆ ನಮ್ಮೂರಿನ ಎಲ್ಲ ನೆಲವೂ ಪಾಸ್!

ನೆಲಮಹಡಿಯಾದ್ದರಿಂದ ಫಲಿತಾಂಶ ಒಳ್ಳೆಯದು ಬಂದರೂ ತೇವತಡೆ ಬಿಡಬೇಡಿ. ಪುಕ್ಕಟೆ ಫೋಮ್ ಅಂಚಿಗೆ ಅಂಚು ತಾಗಿಸಿ ಹಾಸುವಂಥದ್ದು, ಸಂದಿಯಲ್ಲೆಲ್ಲ ಆವಿ ಮೇಲೆ ಬರ್ತದೆ. ಅದರ ಕೆಳಗೆ 200 ಮೈಕ್ರಾನ್ ಪಾಲಿಥೀನ್ ಹಾಳೆ ಬೇಕು. ಅಂಗಡಿಯಲ್ಲಿ 800 ಗೇಜ್ ಅಂತ ಕೇಳಿ. 8 ಅಡಿ ಅಗಲದ್ದು ಸಿಕ್ಕರೆ 15 ಅಡಿಯ ಎರಡು ತುಂಡು ಸಾಕು. ಒಂದರ ಮೇಲೊಂದು ಕನಿಷ್ಠ 8 ಇಂಚು ಹತ್ತಿಸಿ ಉದ್ದಕ್ಕೂ ಟೇಪ್ ಹಾಕಿ. ಗೋಡೆಗೆ 2 ಇಂಚು ಏರಿಸಿ ಬಿಡಿ, ಹೆಚ್ಚಾದದ್ದನ್ನು ಸ್ಕರ್ಟಿಂಗ್ ಕೂರಿಸುವಾಗ ಕತ್ತರಿಸಿದರಾಯ್ತು. ಫೋಮ್ ಮಾತ್ರ ಒಂದರ ಮೇಲೊಂದು ಬರಬಾರದು, ಬಂದಲ್ಲಿ ಹಲಗೆ ಎದ್ದು ನಿಲ್ತದೆ. 168 ಚದರಡಿ ಕೋಣೆಗೆ ಫೋಮ್, ಹಲಗೆ ಎರಡೂ 185ರ ಲೆಕ್ಕದಲ್ಲಿ ತರಿಸಿ.

ಇನ್ನು 5 ಮಿ.ಮೀ. ಬೇಡವೇ ಬೇಡ. ಲ್ಯಾಮಿನೇಟ್ ಹಲಗೆ ಒಂದಕ್ಕೊಂದು ಹಿಡಿದಿರೋದು ಅಂಚಿನ ತೆಳು ನಾಲಿಗೆಯಿಂದ. ಮೆತ್ತನೆ ಫೋಮ್ ಮೇಲೆ ಕಾಲಿಟ್ಟಾಗಲೆಲ್ಲ ಜೋಡಣೆ ಬಗ್ಗಿ ಏಳ್ತದೆ, ಕ್ರಮೇಣ ನಾಲಿಗೆ ಸೀಳ್ತದೆ. ಆ ಸಂದಿಯಲ್ಲಿ ನೆಲ ಒರೆಸಿದ ನೀರು ಇಳಿದು ಹಲಗೆಯ ಅಂಚು ಉಬ್ಬಿತೆಂದರೆ ಮತ್ತೆ ಕೂರೋದಿಲ್ಲ. 2ರಿಂದ 3 ಮಿ.ಮೀ. ಒಳಗಿರಲಿ, ಆದರೆ ಗಟ್ಟಿ ಜಾತಿಯದು: 3 ಮಿ.ಮೀ. ಎಕ್ಸ್‌ಪಿಎಸ್ ಅಥವಾ 2 ಮಿ.ಮೀ. ಐಎಕ್ಸ್‌ಪಿಇ. ಪೊಟ್ಟಣದ ಮೇಲೆ ಸಿಎಸ್ ಅಂತ ಬರೆದಿದ್ದರೆ ಅದು ಭಾರ ತಡೆಯುವ ಶಕ್ತಿ, 60 ಕಿಲೋಪ್ಯಾಸ್ಕಲ್ ಮೇಲಿರಲಿ. ಎಸ್‌ಡಿ (ಆವಿ ತಡೆಯುವ ಅಳತೆ) 75 ಮೀಟರ್ ಅಥವಾ ಹೆಚ್ಚಿದ್ದರೆ ತೇವತಡೆ ಅದರಲ್ಲೇ ಇದೆ. ಆಗ ಬೇರೆ ಪಾಲಿಥೀನ್ ಬೇಡ, ಸಂದಿಗೆ ಅದರದೇ ಟೇಪ್ ಹಚ್ಚಿದರೆ ಸಾಕು. ಹಲಗೆಯ ಬೆನ್ನಿಗೇ ಫೋಮ್ ಅಂಟಿ ಬಂದಿದ್ದರೆ ಮತ್ತೊಂದು ಫೋಮ್ ಹಾಕಬಾರದು.

ನೆಲದ ತಗ್ಗನ್ನು ಫೋಮ್‌ನಿಂದ ತುಂಬಿಸುವ ಪದ್ಧತಿ ಕೆಲವರಲ್ಲಿದೆ, ಒಪ್ಪಬೇಡಿ. 2 ಮೀಟರ್ ಮಟ್ಟಗೋಲು ಇಟ್ಟಾಗ ಕೆಳಗೆ 3 ಮಿ.ಮೀ.ಗಿಂತ ಹೆಚ್ಚು ಬೆಳಕು ಕಂಡರೆ ಮೊದಲು ಲೆವೆಲಿಂಗ್ ಆಗಲಿ.

ಚಿರೇಕಲ್ಲು:
ಮೇಲಿನದಕ್ಕೆ ಒಂದು ತಕರಾರು. ಹಾಗೆ ಹಾಸಿದ ಪಾಲಿಥೀನ್ ಆವಿಯನ್ನು ತಡೀತದೆ, ಸಂದಿಯಲ್ಲಿ ಒಸರುವ ನೀರನ್ನಲ್ಲ. ಹಾಳೆಯ ಅಡಿ ಹನಿ ಕಂಡರೆ ಲ್ಯಾಮಿನೇಟ್ ಆಸೆಯನ್ನೇ ಬಿಡಿ. ಹೊರಗೆ ಹೋಗಿ ನೋಡಿ: ಅಂಗಳದ ಮಣ್ಣು ಪಂಚಾಂಗದ (ಮನೆಯ ಅಡಿಪಾಯದ) ಮಟ್ಟಕ್ಕಿಂತ ಮೇಲಿದೆಯೇ, ಸೂರಿನ ನೀರು ಗೋಡೆ ಬುಡಕ್ಕೇ ಬೀಳ್ತದೆಯೇ? ಚಿರೇಕಲ್ಲಿನ ಗೋಡೆ ನೀರು ಹೀರ್ತದೆ, ಒಳಗೋಡೆಯ ಬುಡದಲ್ಲಿ ಬಿಳಿ ಉಪ್ಪಿನ ಪುಡಿ ಉದುರ್ತಿದ್ದರೆ ಅದೇ ಸಾಕ್ಷಿ. ಅದು ಸರಿಯಾಗದೆ ಯಾವ ಫೋಮೂ ಉಳಿಸೋದಿಲ್ಲ. ಅಲ್ಲಿವರೆಗೆ ಕಾಯಲಾರದವರಿಗೆ ಎಸ್‌ಪಿಸಿ ಹಲಗೆ ಇದೆ, ಕಲ್ಲುಪುಡಿ ಮತ್ತು ಪ್ಲಾಸ್ಟಿಕ್‌ನದು, ಉಬ್ಬೋದಿಲ್ಲ. ಕೆಳಗೆ ಬೂಷ್ಟು ಹಿಡಿದು ವಾಸನೆ ಬಂದರೆ ಮಾತ್ರ ಅದನ್ನೂ ಎತ್ತಬೇಕು.

ಕಾಜುಬಾಗ ನಿವಾಸಿ:
ಸರಿ, ಮಳೆ ಹಿಡಿದ ಮೇಲೆ ಪರೀಕ್ಷೆ ಮಾಡ್ತೇನೆ. ಶಿರಸಿಯ ಮನೆಯ ಮೆತ್ತಿನ (ಮಹಡಿಯ) ಮೇಲೂ ಇದೇ ಕ್ರಮವೇ? ಅಲ್ಲಿ ಹಳೇ ಮರದ ಹಲಗೆ ನೆಲ.

ಬಡಗಿಮನೆ, ಶಿರಸಿ:
ಅಲ್ಲ ಮಾರಾಯ್ರೆ, ಪೂರ್ತಿ ಉಲ್ಟಾ! ಮರದ ಮೇಲೆ ಪಾಲಿಥೀನ್ ಹಾಸಬಾರದು. ಮಳೆಗಾಲದಲ್ಲಿ ಹಳೇ ಹಲಗೆ ಕೆಳಗಿನಿಂದ ತೇವ ಕುಡೀತದೆ. ಮೇಲೆ ಪ್ಲಾಸ್ಟಿಕ್ ಇದ್ದರೆ ಅದು ಆರೋದಕ್ಕೆ ದಾರಿಯಿಲ್ಲ, ಬೂಷ್ಟು ಹಿಡೀತದೆ, ಹಿಂದೆಯೇ ಒರಲೆ. ಅಲ್ಲಿಗೆ 2-3 ಮಿ.ಮೀ. ಕಾರ್ಕ್ ಒಳ್ಳೆಯದು, ಉಸಿರಾಡ್ತದೆ, ನಡೆದಾಡುವ ಸದ್ದೂ ಕಡಿಮೆ. ಅದಕ್ಕೂ ಮುಂಚೆ ಕಿರುಗುಟ್ಟುವ ಹಲಗೆಗಳನ್ನು ತೊಲೆಗೆ ಸ್ಕ್ರೂ ಹೊಡೆದು ಬಿಗಿಮಾಡಿ, ಎದ್ದ ಅಂಚಿಗೆ ಉಜ್ಜುಗೊರಡು ಹಾಕಿ. ಮೊಳೆ ಹೊಡೆದು ಕೂರಿಸುವ ಗಟ್ಟಿಮರದ ನೆಲವಾದರೆ ಫೋಮ್, ಕಾರ್ಕ್ ಎರಡೂ ಬೇಡ, ದಪ್ಪ ಕ್ರಾಫ್ಟ್ ಕಾಗದ ಸಾಕು. ಮೆತ್ತನೆ ಪದರದ ಮೇಲೆ ಹಲಗೆ ಅಲುಗಾಡಿ ಮೊಳೆ ಸಡಿಲಾಗ್ತದೆ. ಆ ಕೋಣೆಯ ಕೆಳಗೆ ಅಡಿಕೆ ಬೇಯಿಸುವ ಒಲೆ ಇದ್ದರಂತೂ ಬೇರೆ ಕೋಣೆ ಆರಿಸಿಕೊಳ್ಳಿ.

ಮಟ್ಟಗೋಲು:
ಶಿರಸಿಯವರ ಮಾತು ಸರಿ. ಇನ್ನೆರಡು ವಿಷಯ. ಹಲಗೆಯ ಪೆಟ್ಟಿಗೆಗಳನ್ನು ಬಿಚ್ಚದೆ, ಅದೇ ಕೋಣೆಯಲ್ಲಿ ಅಡ್ಡ ಮಲಗಿಸಿ 48 ಗಂಟೆ ಇಡಿ. ಕೆಲಸ ಜನವರಿಯಲ್ಲಾದರೆ ಹಲಗೆ ಒಣಗಿರ್ತದೆ, ಜೂನ್‌ನಲ್ಲಿ ಹಿಗ್ಗುತ್ತದೆ. ಹಾಗಾಗಿ ಸುತ್ತಲೂ 10 ಮಿ.ಮೀ. ಸಂದಿ ಬಿಡಿಸಿ, ಬಾಗಿಲ ಚೌಕಟ್ಟಿನ ಬುಡದಲ್ಲೂ. ಅಲ್ಲೇ ಹೆಚ್ಚಿನವರು ಮರೆಯೋದು, ಕೋಣೆಯ ನಡುವೆ ಹಲಗೆ ಗುಡಾರದ ಹಾಗೆ ಏಳೋದಕ್ಕೆ ಅದೇ ಕಾರಣ. ಕಪಾಟನ್ನು ಹಲಗೆ ತೂರಿ ನೆಲಕ್ಕೆ ಸ್ಕ್ರೂ ಮಾಡಿದರೂ ಇದೇ ಗತಿ. 8 ಮತ್ತು 3 ಸೇರಿ ನೆಲ 11 ಮಿ.ಮೀ. ಏರ್ತದೆ, ಒಳಕ್ಕೆ ತೆರೆಯುವ ಬಾಗಿಲಾದರೆ ಕೆಳಗೆ 15 ಮಿ.ಮೀ. ಕೊಯ್ಸಿ, ಮಳೆಗಾಲದಲ್ಲಿ ಬಾಗಿಲೂ ಉಬ್ತದಲ್ಲ.