ಸಹಾಯ ಬೇಕು: ಗಾಳಕ್ಕೆ ಬಿದ್ದ ಮೀನನ್ನು ಶಾರ್ಕ್‌ನಿಂದ ಉಳಿಸುವುದು ಹೇಗೆ?

ನಮಸ್ಕಾರ, ನಾನು ಬಾಗಲಕೋಟೆಯವನು. ಆಲಮಟ್ಟಿ ಹಿನ್ನೀರಿನಲ್ಲಿ ಕಟ್ಲಾ, ರೋಹು ಹಿಡಿದು ಅಭ್ಯಾಸ. ಈಚೆಗೆ ಅಂಡಮಾನ್‌ಗೆ ಹೋಗಿದ್ದೆ. ಜೈಂಟ್ ಟ್ರೆವಲಿ ಎಂಬ ದೊಡ್ಡ ಸಮುದ್ರ ಮೀನು ಹಿಡಿದು, ಫೋಟೋ ತೆಗೆದು ವಾಪಸ್ ಬಿಡುವ ಆಸೆ. ಮೀನೇನೋ ಸಿಕ್ಕಿತು. ದೋಣಿ ಹತ್ತಿರ ಬರುವಷ್ಟರಲ್ಲಿ ದಾರ ಒಮ್ಮೆ ಜಗ್ಗಿ ಹಗುರಾಯಿತು. ಮೇಲೆ ಬಂದದ್ದು ತಲೆ ಮಾತ್ರ, ಕಿವಿರು ಇನ್ನೂ ಆಡುತ್ತಿತ್ತು. ತುಂಬಾ ಸಂಕಟವಾಯಿತು.

ಗಟ್ಟಿ ದಾರ ಹಾಕಿ ಬೇಗ ಎಳೆದೆ, ಜಾಗವನ್ನೂ ಬದಲಿಸಿದೆವು. ಶಾರ್ಕ್ ಮತ್ತೆ ಬಂತು. ಅದರ ತಪ್ಪಲ್ಲ ಬಿಡಿ, ಸಮುದ್ರ ಅದರದ್ದೇ ಅಲ್ವಾ? ಒದ್ದಾಡುವ ಮೀನಿನ ಕಂಪನ, ರಕ್ತದ ವಾಸನೆ ಅದಕ್ಕೆ ದೂರದಿಂದಲೇ ತಿಳಿಯುತ್ತದೆ.

ಕೆಲವರು ಡ್ರ್ಯಾಗ್ (ದಾರ ಸುತ್ತುವ ರೀಲ್‌ನ ಬ್ರೇಕ್) ಬಿಗಿ ಮಾಡಿ ಎಳೀರಿ ಅಂತಾರೆ. ಇನ್ನು ಕೆಲವರು, ಸಡಿಲ ಬಿಡಿ, ಮೀನು ಈಜಿ ತಪ್ಪಿಸಿಕೊಳ್ಳುತ್ತದೆ ಅಂತಾರೆ. ಶಾರ್ಕ್ ಬೆನ್ನು ಹತ್ತಿದ್ದು ಕಂಡ ಕೂಡಲೇ ಇವೆರಡರಲ್ಲಿ ಯಾವುದು ಮಾಡಬೇಕು? ಅಂಡಮಾನ್, ಲಕ್ಷದ್ವೀಪದಲ್ಲಿ ಗಾಳ ಹಾಕಿದವರು ದಯವಿಟ್ಟು ಹೇಳ್ತೀರಾ?