ಪದಚರ್ಚೆ: ನಿಟ್ಟಿಂಗ್ ಅಂದರೆ ಹೆಣಿಗೆಯೋ ನೇಯ್ಗೆಯೋ? ಸೂಜಿಯೋ ಕಡ್ಡಿಯೋ?

ಪ್ರಶ್ನೆ: ಹೊಸದಾಗಿ ನಿಟ್ಟಿಂಗ್ ಕಲಿಯುವವರಿಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಸಿದ್ಧವಾಗುತ್ತಿದೆ. ‘ಸ್ವೆಟರ್ ಹೆಣೆ’, ‘ಸ್ವೆಟರ್ ನೇಯು’ ಎರಡೂ ಬಳಕೆಯಲ್ಲಿವೆ, ಯಾವುದು ಸರಿ? ‘ಸ್ಟಿಚ್’ಗೆ ಹೊಲಿಗೆ ಅಂದರೆ ಆದೀತೇ? ‘ನಿಟ್’, ‘ಪರ್ಲ್’ ಎರಡಕ್ಕೂ ಬೇರೆ ಬೇರೆ ಪದ ಬೇಕು. ‘ಫೋರ್ ಪ್ಲೈ ಉಲ್ಲನ್, ಎಂಟನೇ ನಂಬರ್ ಸೂಜಿ’ ಅನ್ನುವುದನ್ನು ಹಾಗೇ ಬಿಡಬಹುದೇ?

ಉತ್ತರ: ಕಡೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಅದನ್ನು ಹಾಗೇ ಬಿಟ್ಟರೆ ಓದಿದವರು ಅಂಗಡಿಯಿಂದ ತಪ್ಪು ಸಾಮಾನು ತರುತ್ತಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹೆಣಿಗೆ, ನೇಯ್ಗೆ. ನೇಯ್ಗೆಗೆ ಮಗ್ಗ ಬೇಕು. ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು, ಹೀಗೆ ಎರಡು ಬಗೆಯ ನೂಲು ಬೇಕು. ನಿಟ್ಟಿಂಗ್‌ನಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಒಂದೇ ನೂಲು ತನ್ನೊಳಗೇ ಕುಣಿಕೆ ಹಾಕಿಕೊಳ್ಳುತ್ತ ಬಟ್ಟೆಯಾಗುತ್ತದೆ. ಹಾಗಾಗಿ ತುದಿ ಹಿಡಿದು ಎಳೆದರೆ ಇಡೀ ಸ್ವೆಟರ್ ಬಿಚ್ಚಿ ಮತ್ತೆ ಉಂಡೆಯಾಗುತ್ತದೆ. ಪಂಚೆಯ ಎಳೆ ಎಳೆದರೆ ಆ ಎಳೆಯೊಂದೇ ಕೈಗೆ ಬರುತ್ತದೆ. ಕುರುಬರ ಕಂಬಳಿಯೂ ಉಣ್ಣೆಯದೇ. ಆದರೆ ಅದು ಹುಣಸೆಬೀಜದ ಗಂಜಿ ಕುಡಿದ ಹಾಸಿನ ಮೇಲೆ ಮಗ್ಗದಲ್ಲಿ ಹುಟ್ಟಿದ್ದು, ಅದಕ್ಕೇ ‘ಕಂಬಳಿ ನೇಯು’ ಅನ್ನುತ್ತೇವೆ, ‘ಹೆಣೆ’ ಅನ್ನುವುದಿಲ್ಲ. ಜಡೆ, ಬುಟ್ಟಿ ಹೆಣೆಯುವುದಕ್ಕೆ ಮಗ್ಗ ಬೇಡ, ಕೈ ಸಾಕು. ಹಳಗನ್ನಡದ ‘ಪೆಣೆ’ಯೇ ನಮ್ಮ ‘ಹೆಣೆ’. ಒಂದಕ್ಕೊಂದು ಸಿಕ್ಕಿಸಿ ಬಿಗಿಯುವ ಅರ್ಥ ಅದರಲ್ಲಿ ಮೊದಲಿಂದಲೂ ಇದೆ. ಆದ್ದರಿಂದ ನನ್ನ ಮತ ಹೆಣಿಗೆಗೆ. ಉತ್ತರ ಕರ್ನಾಟಕದ ಓದುಗರಿಗೆ ಒಂದು ಮಾತು: ಬಾಚಣಿಗೆಗೆ ಹೇಳುವ ‘ಹಣಿಗೆ’ ಬೇರೆ, ಇದು ಬೇರೆ. ಸಿದ್ಧ ಬಟ್ಟೆಯ ಮೇಲೆ ಮಾಡುವ ಕಸೂತಿಯನ್ನೂ ಇಲ್ಲಿಗೆ ತರಬೇಡಿ. ಒಂದೇ ಕೊಕ್ಕೆಯ ಕಡ್ಡಿಯಿಂದ ಮಾಡುವ ಕ್ರೋಶಕ್ಕೆ ‘ಕೊಕ್ಕೆ ಹೆಣಿಗೆ’ ಅನ್ನಬಹುದು. ಅಲ್ಲಿ ಸಾಮಾನ್ಯವಾಗಿ ಒಂದೇ ಕುಣಿಕೆ ತೆರೆದಿರುತ್ತದೆ. ಕಡ್ಡಿ ಹೆಣಿಗೆಯಲ್ಲಿ ಸಾಲಿನ ಅಷ್ಟೂ ಕುಣಿಕೆಗಳು ಕಡ್ಡಿಯ ಮೇಲೆ ತೆರೆದೇ ಕೂತಿರುತ್ತವೆ.

‘ಸ್ಟಿಚ್’ಗೆ ಹೊಲಿಗೆ ಬೇಡ. ಹೊಲಿಗೆ ಬಟ್ಟೆಯನ್ನು ಚುಚ್ಚುತ್ತದೆ, ಇಲ್ಲಿ ಚುಚ್ಚುವುದಕ್ಕೆ ಬಟ್ಟೆಯೇ ಇನ್ನೂ ಇಲ್ಲ. ‘ಕುಣಿಕೆ’ ಕಣ್ಣಿಗೆ ಕಾಣುವುದನ್ನೇ ಹೇಳುತ್ತದೆ. ಮೊದಲ ಕುಣಿಕೆಗಂತೂ ಅಚ್ಚಗನ್ನಡದ ‘ಜೀರುಗುಣಿಕೆ’ ತಯಾರಾಗಿಯೇ ಇದೆ. ಎಳೆದರೆ ಜಾರಿ ಬಿಗಿಯಾಗುವ ಆ ಗಂಟಿನಿಂದಲೇ ಎಲ್ಲ ಶುರು.

ಸೂಜಿ ಅಂದರೆ ಕಣ್ಣಿರಬೇಕು, ಅದರಲ್ಲಿ ದಾರ ಪೋಣಿಸಬೇಕು. ಹೆಣಿಗೆಯದಕ್ಕೆ ಕಣ್ಣಿಲ್ಲ, ಒಂದು ತುದಿ ಮೊನಚು, ಇನ್ನೊಂದು ತುದಿಗೆ ಗುಂಡು. ಇದನ್ನು ಕಡ್ಡಿ ಅನ್ನೋಣ. ‘ಸೂಜಿ’ ಎಂಬ ಪದವನ್ನು ಇದಕ್ಕೆ ಬಳಸದಿರಲು ಇನ್ನೊಂದು ಕಾರಣವಿದೆ: ಹೆಣೆದಾದ ಮೇಲೆ ದಾರದ ತುದಿಗಳನ್ನು ಒಳಗೆ ಸೇರಿಸಲು ಮೊಂಡು ಮೂತಿಯ, ದೊಡ್ಡ ಕಣ್ಣಿನ ನಿಜವಾದ ಸೂಜಿ ಬೇಕೇ ಬೇಕು. ಎರಡಕ್ಕೂ ಒಂದೇ ಹೆಸರಿಟ್ಟರೆ ಸಾಮಾನಿನ ಪಟ್ಟಿಯೇ ಕಲಸಿಹೋಗುತ್ತದೆ.

ನಿಟ್, ಪರ್ಲ್: ಹಿಂದಿಯಲ್ಲಿ ‘ಸೀಧಾ’, ‘ಉಲ್ಟಾ’. ಕನ್ನಡದಲ್ಲೂ ಸೀದಾ, ಉಲ್ಟಾ ಮನೆಮಾತೇ ಆಗಿರುವುದರಿಂದ ಹೊಸದನ್ನು ಹುಟ್ಟಿಸಬೇಕಿಲ್ಲ. ಸೀದಾ ಕುಣಿಕೆಯಲ್ಲಿ ದಾರ ಹಿಂದಿರುತ್ತದೆ. ಕಡ್ಡಿ ಮುಂದಿನಿಂದ ಹಿಂದಕ್ಕೆ ತೂರಿ, ದಾರ ಸುತ್ತಿಸಿಕೊಂಡು, ಹೊಸ ಕುಣಿಕೆಯನ್ನು ಮುಂದಕ್ಕೆ ಎಳೆದು ತರುತ್ತದೆ. ಉಲ್ಟಾದಲ್ಲಿ ದಾರ ಮುಂದೆ. ಕಡ್ಡಿ ಹಿಂದಿನಿಂದ ಮುಂದಕ್ಕೆ ಬಂದು, ಹೊಸ ಕುಣಿಕೆಯನ್ನು ಹಿಂದಕ್ಕೆ ತಳ್ಳುತ್ತದೆ. ಎರಡೂ ಒಂದೇ ಕುಣಿಕೆಯ ಎರಡು ಮುಖ. ಮನೆಯಲ್ಲಿರುವ ಬನಿಯನ್ ತೆಗೆದು ಕಣ್ಣಿನ ಹತ್ತಿರ ಹಿಡಿದು ನೋಡಿ. ಅದೂ ಯಂತ್ರದಲ್ಲಿ ಹೆಣೆದ ಬಟ್ಟೆಯೇ. ಹೊರಗಡೆ ಜಡೆಯ ಕಾಲಿನಂಥ ನೇರ ಕಂಬಗಳು ಕಾಣುತ್ತವೆ, ಅವು ಸೀದಾ. ತಿರುಗಿಸಿದರೆ ಅಡ್ಡಡ್ಡ ಸಣ್ಣ ಉಬ್ಬುಗಳು, ಅವು ಉಲ್ಟಾ. ಕೈಪಿಡಿಯಲ್ಲಿ ಹತ್ತು ಚಿತ್ರ ಹಾಕುವುದಕ್ಕಿಂತ ಈ ಒಂದು ಸಾಲು ಬರೆದರೆ ಲೇಸು.

ತೊಡಕು ಬರುವುದು ಬೇರೆ ಕಡೆ. ಬಟ್ಟೆಯ ಎರಡು ಬದಿಗಳಿಗೂ ‘ಸೀದಾ ಬದಿ’, ‘ಉಲ್ಟಾ ಬದಿ’ ಎಂದರೆ, ‘ಉಲ್ಟಾ ಬದಿಯಲ್ಲಿ ಸೀದಾ ಹಾಕಿ’ ಎಂಬಂಥ ವಾಕ್ಯಗಳು ಹುಟ್ಟಿ ಕಲಿಯುವವರು ಅಲ್ಲೇ ಕೈಬಿಡುತ್ತಾರೆ. ಬದಿಗಳಿಗೆ ‘ಹೊರಮೈ’, ‘ಒಳಮೈ’ ಎಂದಿಡಿ. ಆಗ ಎಲ್ಲ ಸಾಲನ್ನೂ ಸೀದಾ ಹಾಕಿದರೆ ಸಿಗುವ, ಎರಡೂ ಕಡೆ ದಿಂಡುದಿಂಡಾದ, ಸುರುಳಿಯಾಗದ ಹೆಣಿಗೆಯನ್ನೂ, ಹೊರಮೈಗೆ ಸೀದಾ, ಒಳಮೈಗೆ ಉಲ್ಟಾ ಹಾಕಿದರೆ ಸಿಗುವ ನುಣುಪು ಹೆಣಿಗೆಯನ್ನೂ ಸಲೀಸಾಗಿ ವಿವರಿಸಬಹುದು. ನುಣುಪು ಹೆಣಿಗೆಯ ಅಕ್ಕಪಕ್ಕದ ಅಂಚು ಹಿಂದಕ್ಕೂ ಮೇಲೆ ಕೆಳಗಿನ ಅಂಚು ಮುಂದಕ್ಕೂ ಸುರುಳುತ್ತದೆ. ಅದು ಕೈಯ ತಪ್ಪಲ್ಲ, ಆ ಹೆಣಿಗೆಯ ಗುಣವೇ ಹಾಗೆ ಎಂದು ಬರೆಯಲೇಬೇಕು.

ಈಗ ‘ಎಂಟನೇ ನಂಬರ್’. ನಮ್ಮ ಅಂಗಡಿಗಳಲ್ಲಿ ನಡೆಯುವುದು ಹಳೆಯ ಬ್ರಿಟಿಷ್ ಲೆಕ್ಕ. ಎಲೆಕ್ಟ್ರಿಷಿಯನ್‌ಗಳ ತಂತಿ ಗೇಜಿನ ಹಾಗೆ ಇಲ್ಲೂ ದಪ್ಪ ಹೆಚ್ಚಿದಷ್ಟು ನಂಬರ್ ಇಳಿಯುತ್ತದೆ. ಅದರಲ್ಲಿ 8 ಎಂದರೆ 4 ಮಿ.ಮೀ., 10 ಎಂದರೆ 3.25 ಮಿ.ಮೀ. ಅಮೆರಿಕದ ಲೆಕ್ಕ ತಿರುಗುಮುರುಗು: ಅಲ್ಲಿ 8 ಎಂದರೆ 5 ಮಿ.ಮೀ., 10 ಎಂದರೆ 6 ಮಿ.ಮೀ. ಅಂತರ್ಜಾಲದಲ್ಲಿ ಸಿಗುವ ಎಷ್ಟೋ ಮಾದರಿಗಳು ಅಮೆರಿಕದವು. ಆದ್ದರಿಂದ ಕೈಪಿಡಿಯಲ್ಲಿ ನಂಬರನ್ನೇ ಬಿಟ್ಟು ಮಿಲಿಮೀಟರ್ ಬರೆಯಿರಿ. ಮೊದಲ ಜೊತೆಗೆ 4 ಮಿ.ಮೀ. ಅಥವಾ 4.5 ಮಿ.ಮೀ. ಬಿದಿರಿನ ಕಡ್ಡಿ ಒಳ್ಳೆಯದು; ಅಲ್ಯೂಮಿನಿಯಂ ಮೇಲೆ ಕುಣಿಕೆ ಬೇಗ ಜಾರುತ್ತದೆ.

‘ಪ್ಲೈ’ಗೆ ‘ಎಳೆ’ ಎಂದು ಅನುವಾದಿಸಿದರೆ ಪದ ಸರಿ, ಅರ್ಥ ತಪ್ಪು. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ‘ಫೋರ್ ಪ್ಲೈ’ ಎಂಬುದು ಒಂದು ದಪ್ಪದ ಹೆಸರಾಗಿ ನಿಂತಿದೆ. ಹುರಿಯಲ್ಲಿ ನಾಲ್ಕೇ ಎಳೆ ಇರಬೇಕೆಂದಿಲ್ಲ. ಒಂದೇ ಎಳೆಯ ನೂಲು ಹಗ್ಗದಷ್ಟು ದಪ್ಪ ಇರಬಹುದು. ದಪ್ಪವನ್ನು ಖಚಿತವಾಗಿ ಹೇಳಲು 100 ಗ್ರಾಂಗೆ ಎಷ್ಟು ಮೀಟರ್ ಎಂದು ಬರೆಯಿರಿ. ಉಣ್ಣೆಯಲ್ಲಾದರೆ ಫೋರ್ ಪ್ಲೈ ಸುಮಾರು 400 ಮೀಟರ್, ‘ಡಬಲ್ ನಿಟ್ಟಿಂಗ್’ ಎಂಬ ಅದಕ್ಕಿಂತ ದಪ್ಪದ ನೂಲು ಸುಮಾರು 200ರಿಂದ 250 ಮೀಟರ್. ಕಲಿಯುವವರಿಗೆ ಎರಡನೆಯದು ಸರಿ. ತಿಳಿಬಣ್ಣದ್ದಾದರೆ ಕುಣಿಕೆ ಎಣಿಸಲು ಸುಲಭ.

‘ಉಲ್ಲನ್’ ಇನ್ನೂ ಮೋಸದ ಪದ. ಅಂಗಡಿಯಲ್ಲಿ ಅದು ಎಷ್ಟೋ ಸಲ ಅಕ್ರಿಲಿಕ್ ಎಂಬ ಕೃತಕ ನೂಲು. ಕಲಿಯುವುದಕ್ಕೆ ಅಕ್ರಿಲಿಕ್ ಚೆನ್ನಾಗಿಯೇ ಇದೆ, ಆದರೆ ಹೆಸರು ಒಂದೇ ಆದರೆ ಆರೈಕೆ ಕೆಡುತ್ತದೆ: ಬಿಸಿನೀರಲ್ಲಿ ಉಜ್ಜಿದರೆ ಉಣ್ಣೆ ಕುಗ್ಗಿ ಗಟ್ಟಿಯಾಗುತ್ತದೆ, ಇಸ್ತ್ರಿಯ ಕಾವಿಗೆ ಅಕ್ರಿಲಿಕ್ ಜೀವ ಕಳೆದುಕೊಂಡು ಜೋತುಬೀಳುತ್ತದೆ. ತುಂಡು ದಾರವನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. ಕೈಪಿಡಿಯಲ್ಲಿ ‘ಉಣ್ಣೆ’, ‘ಅಕ್ರಿಲಿಕ್’ ಎಂದು ಬೇರೆ ಬೇರೆ ಬರೆದು, ಎರಡಕ್ಕೂ ಸಾಮಾನ್ಯವಾಗಿ ‘ನೂಲು’ ಎನ್ನಿ.

ಹೆಣೆಯುವ ಕೈ ಎಷ್ಟು ಬಿಗಿ, ಎಷ್ಟು ಸಡಿಲ ಎಂದು ಹೇಳುವ ‘ಟೆನ್ಷನ್’ಗೆ ‘ಕೈಬಿಗಿ’ ಸಾಕು. 10 ಸೆಂ.ಮೀ.ಗೆ 22 ಕುಣಿಕೆ ಬೇಕಾದಲ್ಲಿ ಕೈ ಸಡಿಲವಾಗಿ 20 ಬಂದರೆ, 50 ಸೆಂ.ಮೀ. ಆಗಬೇಕಿದ್ದ 110 ಕುಣಿಕೆಯ ಅಗಲ 55 ಆಗುತ್ತದೆ. ಮುಂಭಾಗ, ಹಿಂಭಾಗ ಸೇರಿದರೆ ಸ್ವೆಟರ್‌ನ ಸುತ್ತಳತೆ 10 ಸೆಂ.ಮೀ. ದೊಡ್ಡದು.

ಇನ್ನೊಂದು ಉತ್ತರ: ಮೇಲಿನದಕ್ಕೆ ಬಹುತೇಕ ಒಪ್ಪಿಗೆ. ಕೆಲಸ ಶುರುಮಾಡುವುದಕ್ಕೆ ‘ಕುಣಿಕೆ ಏರಿಸು’ ಸರಿ ಕಾಣುತ್ತದೆ, ಆದರೆ ಅದಕ್ಕೆ ಜೋಡಿಯಾಗಿ ಮುಗಿಸುವುದಕ್ಕೆ ‘ಇಳಿಸು’ ಎನ್ನಬೇಡಿ. ‘ಇಳಿಸಿ’ ಎಂದು ಓದಿ ಕುಣಿಕೆಗಳನ್ನು ಕಡ್ಡಿಯಿಂದ ಹಾಗೇ ಕಳಚಿದರೆ ಎಲ್ಲ ಬಿಚ್ಚಿಹೋಗುತ್ತದೆ. ಅಲ್ಲಿ ನಡೆಯುವುದು ಎರಡು ಕುಣಿಕೆ ಹಾಕಿ, ಮೊದಲನೆಯದನ್ನು ಎರಡನೆಯದರ ಮೇಲಿಂದ ದಾಟಿಸುವುದು. ಹಾಗಾಗಿ ‘ದಾಟಿಸಿ ಮುಗಿಸು’. ಕಡ್ಡಿಯಿಂದ ತಪ್ಪಿದ ಕುಣಿಕೆಗೆ ‘ಜಾರಿದ ಕುಣಿಕೆ’.

20 ಕುಣಿಕೆ ಏರಿಸಿದ್ದು ಹತ್ತು ಸಾಲಿನಲ್ಲಿ 26 ಆಗುವುದು ಹೊಸಬರೆಲ್ಲರ ಗೋಳು. ಕಾರಣ ಎರಡು. ಸಾಲಿನ ಆರಂಭದಲ್ಲಿ ದಾರವನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದರೆ ಮೊದಲ ಕುಣಿಕೆಯ ಎರಡು ಕಾಲೂ ಎರಡು ಕುಣಿಕೆಗಳಂತೆ ಕಾಣುತ್ತವೆ. ಸೀದಾ ಹಾಕುವಾಗ ದಾರ ಮುಂದೆಯೇ ಉಳಿದಿದ್ದರೆ ಒಂದು ಸುತ್ತು ಹೆಚ್ಚಿಗೆ ಬಿದ್ದು, ಕೆಳಗೆ ತೂತಾಗುತ್ತದೆ. ಮೊದಲನೆಯದಕ್ಕೆ ‘ಇಬ್ಬಗೆ ಕುಣಿಕೆ’, ಎರಡನೆಯದಕ್ಕೆ ‘ಹೆಚ್ಚು ಸುತ್ತು’ ಎಂದು ಹೆಸರಿಟ್ಟರೆ ತಪ್ಪು ಎಲ್ಲಿ ಆಯಿತೆಂದು ಕಲಿಯುವವರೇ ಹುಡುಕಿಕೊಳ್ಳಬಲ್ಲರು.

ದಾರದ ಬಿಟ್ಟ ತುದಿಗೆ ‘ಬಾಲ’ ಚೆನ್ನಾಗಿದೆ. ಏರಿಸುವಾಗ ಬಾಲದ ದಾರವೂ ಖರ್ಚಾಗುವ ಕ್ರಮದಲ್ಲಿ ಅಗಲದ ಮೂರು ಪಟ್ಟಿಗಿಂತ ತುಸು ಹೆಚ್ಚೇ ಬಿಡಬೇಕು. ಮುಗಿಸಿ ಕತ್ತರಿಸುವಾಗ 15 ಸೆಂ.ಮೀ. ಅದಕ್ಕಿಂತ ಗಿಡ್ಡವಾದರೆ ಸೂಜಿಗೆ ಪೋಣಿಸಿ ಒಳಮೈಯಲ್ಲಿ ಅಡಗಿಸಲು ಸಾಲುವುದಿಲ್ಲ.