ಸಹಾಯ ಬೇಕು: ಮೊದಲ ಲಾಂಗ್‌ಬೋರ್ಡ್ ಯಾವುದು ಕೊಳ್ಳಲಿ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಜಯನಗರದ ನಮ್ಮ ಮನೆಯಿಂದ ಮೆಟ್ರೊ ನಿಲ್ದಾಣಕ್ಕಿರುವ ಸುಮಾರು 1.5 ಕಿಲೋಮೀಟರ್ ದಾರಿಗೆಂದು ಒಂದು ಲಾಂಗ್‌ಬೋರ್ಡ್ (ಸ್ಕೇಟ್‌ಬೋರ್ಡಿಗಿಂತ ಉದ್ದವಾದ, ನಿಂತು ಸಾಗುವ ಚಕ್ರದ ಹಲಗೆ) ಕೊಳ್ಳಬೇಕೆಂದಿದ್ದೇನೆ. ನನ್ನ ತೂಕ 72 ಕಿಲೋ. ಅನುಭವ ಏನೂ ಇಲ್ಲ. ಕಳೆದ ತಿಂಗಳು ಅಕ್ಕನ ಮಗನ ಸ್ಕೇಟ್‌ಬೋರ್ಡ್ ಹತ್ತಿದಾಗ ಅದರ ಪುಟ್ಟ ಗಟ್ಟಿ ಚಕ್ರ ಹೊಂಗೆಕಾಯಿಯೊಂದಕ್ಕೆ ಸಿಕ್ಕಿ ಗಕ್ಕನೆ ನಿಂತಿತು. ನಾನು ಮಾತ್ರ ಮುಂದೆ ಹೋಗಿ ಮೊಣಕೈ ತರಚಿಕೊಂಡೆ. ಆದ್ದರಿಂದ 70 ಮಿಲಿಮೀಟರ್ ವ್ಯಾಸದ, ಗಡಸುತನದ ಅಳತೆಯಲ್ಲಿ 78ಎ ಆಸುಪಾಸಿನ ಮೆದು ಚಕ್ರಗಳೇ ಇರಬೇಕೆಂದು ನಿಶ್ಚಯಿಸಿದ್ದೇನೆ.

ಗೊಂದಲವಿರುವುದು ಹಲಗೆಯ ವಿಷಯದಲ್ಲಿ. ಹಲಗೆಯಲ್ಲಿ ಕೊರೆದ ಕಿಂಡಿಯೊಳಗೆ ಟ್ರಕ್ಕುಗಳನ್ನು (ಚಕ್ರಗಳನ್ನು ಹಿಡಿದಿಡುವ ಲೋಹದ ಭಾಗಗಳನ್ನು) ತೂರಿಸಿ ಜೋಡಿಸುವ ಡ್ರಾಪ್‌ಥ್ರೂ ಬಗೆಯಲ್ಲಿ ನಿಲ್ಲುವ ಜಾಗ ನೆಲಕ್ಕೆ ಹತ್ತಿರವಿರುವುದರಿಂದ ಕಾಲಿನಿಂದ ತಳ್ಳುವುದೂ ಪಾದ ಉಜ್ಜಿ ನಿಲ್ಲಿಸುವುದೂ ಸುಲಭವೆಂಬುದು ನಿಜವಾದರೂ, 40 ಅಂಗುಲದ ಅಂಥ ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ಬೆಳಗಿನ ನೂಕುನುಗ್ಗಲಿನಲ್ಲಿ ಮೆಟ್ರೊ ಹತ್ತುವುದು ಕಷ್ಟವೆನಿಸುತ್ತದೆ. 36 ಅಂಗುಲದ್ದು ಹೊಸಬರಿಗೆ ತೀರಾ ಅಲುಗಾಡುತ್ತದೆಯೇ?

ಹೆಲ್ಮೆಟ್ಟಿನ ಖರ್ಚು ಬಿಟ್ಟು 8,000 ರೂಪಾಯಿ ತೆಗೆದಿರಿಸಿದ್ದೇನೆ. ಬಳಸಿದ ಬೋರ್ಡ್ ಆದರೂ ಸರಿಯೇ. ಆದರೆ ಹಲಗೆಯ ಪದರ ಬಿಟ್ಟಿರುವುದನ್ನೂ ಬೇರಿಂಗ್ ಸವೆದಿರುವುದನ್ನೂ ಕೊಳ್ಳುವ ಮೊದಲೇ ಗುರುತಿಸುವುದು ಹೇಗೆಂದು ತಿಳಿದವರು ದಯವಿಟ್ಟು ತಿಳಿಸಿಕೊಡಿ.